ಆ ಪೆನಾಲ್ಟಿ ಯಾರ ತಪ್ಪು?

ಪಿ.ಟಿ. ಸರ್ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಗೆಳೆಯನೊಬ್ಬ ಮಾತ್ರ ನನಗೆ ಬರೆದ: ‘ಸರ್ ಹೋದರು. ಈಗರೆ ಒಪ್ಪಿಕೋ, ಆ ಪೆನಾಲ್ಟಿ ನಿಂದ ತಪ್ಪು.’

1992ರ ಜುಲೈ. ನಾವು ಒಂಬತ್ತನೇ ಇಯತ್ತೆ. ಬೆಳಗಾವಿಯ ಮಳೆ ಗೊತ್ತಲ್ಲ, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಮೈದಾನವೆಲ್ಲ ಕೆಂಪು ರಾಡಿ. ಪಿ.ಟಿ. ಪಿರಿಯಡ್ ಕ್ಲಾಸಿನಲ್ಲೇ ನಡೆಯುತ್ತಿತ್ತು. ಬೇರೆಯವರಾಗಿದ್ದರೆ ಸುಮ್ನೆ ಓದಿಕೊಳ್ಳಿ ಎಂದು ಪೇಪರ್ ಬಿಚ್ಚುತ್ತಿದ್ದರು. ಇವರು ಚಾಕ್ ಹಿಡಿದು ಕಥೆ ಹೇಳುತ್ತಿದ್ದರು. ಕಥಾನಾಯಕ ಒಬ್ಬನೇ, ಹಾಲೆಂಡಿನ ಫುಟ್‌ಬಾಲ್ ಆಟಗಾರ ಯೋಹಾನ್ ಕ್ರೈಫ್. ಸರ್ ಬಾಯಲ್ಲಿ ಅವನು ‘ಕ್ರುಯಫ್’. ಸರಿಯಾದ ಹೆಸರು ಟಿವಿಯಲ್ಲಿ ಕೇಳಿದ ಮೇಲೂ ನನಗೆ ಸರ್ ಹೇಳಿದ್ದೇ ಸರಿ ಅನ್ನಿಸುತ್ತದೆ.

ಹನ್ನೆರಡನೇ ವಯಸ್ಸಿಗೆ ತಂದೆ ತೀರಿದ್ದು, ತಾಯಿ ಅಯಾಕ್ಸ್ ಕ್ಲಬ್ಬಿನಲ್ಲಿ ಕಸ ಗುಡಿಸಿದ್ದು, ಮಗ ಅದೇ ಕ್ಲಬ್ಬಿಗೆ 1971ರಿಂದ ಸತತ ಮೂರು ವರ್ಷ ಯುರೋಪಿಯನ್ ಕಪ್ ಗೆಲ್ಲಿಸಿದ್ದು, 1974ರ ವಿಶ್ವಕಪ್ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಗೆ 2-1ರಿಂದ ಸೋತದ್ದು, ಎಲ್ಲ ನನಗೆ ಬಾಯಿಪಾಠ. ಬೀಜಗಣಿತ ಏನು ಕಲಿತೆನೋ ದೇವರಿಗೇ ಗೊತ್ತು. ಆ ಮೇ ತಿಂಗಳಲ್ಲೇ ಕ್ರೈಫ್ ಕೋಚ್ ಆಗಿದ್ದ ಬಾರ್ಸಿಲೋನಾ ವೆಂಬ್ಲಿಯಲ್ಲಿ ಇಟಲಿಯ ಸಾಂಪ್ದೋರಿಯಾವನ್ನು 1-0ರಿಂದ ಸೋಲಿಸಿ ಮೊದಲ ಸಲ ಯುರೋಪಿಯನ್ ಕಪ್ ಎತ್ತಿತ್ತು. ಸರ್ ಅಂತೂ ತಾವೇ ಗೆದ್ದವರಂತೆ ಓಡಾಡುತ್ತಿದ್ದರು.

‘ಆಡೋವಾಗನೂ ಅವ ಬೆರಳು ಮಾಡಿ ಎಲ್ಲಾರಿಗೂ ಜಾಗಾ ತೋರಸ್ತಿದ್ದ. ಕೋಚ್ ಆಗಿದ್ದು ಆಮ್ಯಾಲೆ ಅಲ್ರೋ, ಮೊದಲಿಂದನ!’ ಎನ್ನುತ್ತಿದ್ದರು. ಮಳೆ ನಿಂತಾಗ ನಮ್ಮನ್ನು ದುಂಡಗೆ ನಿಲ್ಲಿಸಿ ನಡುವೆ ಇಬ್ಬರನ್ನು ಬಿಟ್ಟು ಚೆಂಡು ಆಡಿಸುತ್ತಿದ್ದರು. ಓಡಿದರೆ ಬೈಗುಳ. ಎಲ್ಲಿ ನಿಲ್ಲಬೇಕು ಅನ್ನುವುದೇ ಪಾಠ. ನಾನು ಲೆಫ್ಟ್ ವಿಂಗ್. ನನ್ನ ಎಡಗಾಲಿಗೆ ಆಗ ಸ್ವಲ್ಪ ಹೆಸರಿತ್ತು. ಉಳಿದವರು ಮರೆತಿದ್ದಾರೆ, ಹಾಗಾಗಿ ನಾನೇ ಹೇಳಬೇಕಾಗಿದೆ.

ಕ್ರೈಫ್ 1991ರಲ್ಲಿ ಹೃದಯದ ಆಪರೇಷನ್ ಆದ ಮೇಲೆ ಸಿಗರೇಟ್ ಬಿಟ್ಟು ಲಾಲಿಪಾಪ್ ಚೀಪುತ್ತ ಪಂದ್ಯ ನೋಡುತ್ತಿದ್ದ. ಅದನ್ನು ಓದಿ ಸರ್ ಬೀಡಿ ಬಿಟ್ಟು ಪೆಪ್ಪರ್‌ಮಿಂಟ್ ಹಿಡಿದರು. ನಾಲ್ಕು ದಿನ. ಐದನೇ ದಿನ ಸಾಮಾನಿನ ಕೋಣೆಯ ಹಿಂದೆ ಮತ್ತೆ ಹೊಗೆ. ಉಳಿದ ಪೆಪ್ಪರ್‌ಮಿಂಟ್ ನಮ್ಮ ಪಾಲಾಯಿತು.

ಇನ್ನು ಪೆನಾಲ್ಟಿ. 1982ರ ಡಿಸೆಂಬರ್‌ನಲ್ಲಿ ಹೆಲ್ಮಂಡ್ ಸ್ಪೋರ್ಟ್ ವಿರುದ್ಧ ಕ್ರೈಫ್ ಪೆನಾಲ್ಟಿಯನ್ನು ಗೋಲಿಗೆ ಒದೆಯಲಿಲ್ಲ. ಪಕ್ಕಕ್ಕೆ ಮೆಲ್ಲಗೆ ತಳ್ಳಿದ. ಅವನದೇ ತಂಡದ ಯೆಸ್ಪರ್ ಓಲ್ಸನ್ ಓಡಿ ಬಂದು ವಾಪಸ್ ಕೊಟ್ಟ. ಖಾಲಿ ಗೋಲಿಗೆ ಕ್ರೈಫ್ ಸೇರಿಸಿದ. ಸರ್ ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದ್ದೇ ತಡ, ನಾನೂ ವಾಟ್ಸಾಪಿನ ಆ ಗೆಳೆಯನೂ ಕದ್ದು ಅಭ್ಯಾಸ ಶುರು ಮಾಡಿದೆವು. ಪಕ್ಕದ ಶಾಲೆಯ ಜೊತೆಗಿನ ಪಂದ್ಯ 1-1 ಇರುವಾಗ ಪೆನಾಲ್ಟಿ ಸಿಕ್ಕಿತು. ತಳ್ಳಿದೆ. ಅವನು ಬಂದ. ವಾಪಸ್ ಕೊಟ್ಟ. ಗೋಲ್! ರೆಫರಿ ಸೀಟಿ ಊದಿ ಮತ್ತೆ ಒದಿ ಎಂದರು. ಈ ಸಲ ನೇರ ಒದ್ದೆ. ಚೆಂಡು ಬಾರಿನ ಮೇಲಿಂದ ಹುಣಸೆಮರಕ್ಕೆ. ಕೊನೆಗೆ ಸೋತೆವು.

ಸರ್ ಹೊಡೆಯಲಿಲ್ಲ. ನಗು ತಡೆಯಲಾಗದೆ ಮುಖ ಆ ಕಡೆ ತಿರುಗಿಸಿದರು.

ನನ್ನ ಮಗನ ಶಾಲೆಯಲ್ಲಿ ಈಗ ಪಿ.ಟಿ. ಪಿರಿಯಡ್‌ಗೆ ಗಣಿತ. ಮೈದಾನದ ಅರ್ಧ ಭಾಗದಲ್ಲಿ ಬಸ್ಸು ನಿಲ್ಲುತ್ತವೆ. ಮಾರ್ಕ್ಸ್ ಜಾಸ್ತಿ ಬರುತ್ತಿವೆ, ಒಪ್ಪಿದೆ. ಆದರೆ ಮಳೆ ಬಂದರೆ ಅವನಿಗೆ ಯಾರೂ ಕಥೆ ಹೇಳುವುದಿಲ್ಲ.

ಗೆಳೆಯ ಹೇಳುವುದು, ನಾನು ಚೆಂಡನ್ನು ಮುಂದಕ್ಕೆ ತಳ್ಳದೆ ಹಿಂದಕ್ಕೆ ತಳ್ಳಿದೆ ಎಂದು. ನಾನು ಹೇಳುವುದು, ಒದೆಯುವ ಮೊದಲೇ ಅವನು ಒಳಗೆ ನುಗ್ಗಿದ ಎಂದು. ಸರ್ ಗೆರೆಯ ಪಕ್ಕದಲ್ಲೇ ನಿಂತಿದ್ದರು. ಎಷ್ಟು ಸಲ ಕೇಳಿದರೂ ‘ಇಬ್ಬರೂ ಕತ್ತೆಗೋಳು’ ಎಂದಷ್ಟೇ ಹೇಳುತ್ತಿದ್ದರು. ಅವರ ಮನೆಗೆ ಹೋಗಿ ಬರುವಾಗ ದಾರಿಯುದ್ದಕ್ಕೂ ನಾವಿಬ್ಬರೂ ಅದನ್ನೇ ಜಗಳಾಡಿದೆವು.