ಅಡಿಕೆ ಸಾಲದಿಂದ ಬಂಡವಾಳ ಅನುಪಾತದವರೆಗೆ: ಬ್ಯಾಂಕ್ ಲೆಕ್ಕದ ತಂತ್ರಾಂಶ, ಈ ಮಳೆಗಾಲದ ಪ್ರಗತಿ

ಶಿರಸಿಯಂಥ ಊರಿನ ಸಣ್ಣ ಪಟ್ಟಣ ಸಹಕಾರಿ ಬ್ಯಾಂಕೊಂದರ ಲೆಕ್ಕ, ಅಪಾಯದ ಅಂದಾಜು, ರಿಸರ್ವ್ ಬ್ಯಾಂಕಿಗೆ ಹೋಗುವ ವರದಿ, ಈ ಮೂರೂ ಒಂದೇ ಖತಾವಣಿಯಿಂದ (ಲೆಡ್ಜರಿನಿಂದ) ಹುಟ್ಟಬೇಕು. ಬಿಡುವಿನ ವೇಳೆಯಲ್ಲಿ ನಾನು ಕಟ್ಟುತ್ತಿರುವ ತಂತ್ರಾಂಶದ ಹಠ ಇದೊಂದೇ. ವರದಿಯ ಯಾವ ಅಂಕಿಯನ್ನು ಒತ್ತಿದರೂ ಅದು ಸಾಲದ ಖಾತೆಗೆ, ಅಲ್ಲಿಂದ ವೋಚರಿಗೆ ಇಳಿಯಬೇಕು. ಹಾಗೆ ಇಳಿಯದ ಅಂಕಿ ವರದಿಗೆ ಹೋಗುವುದೇ ಇಲ್ಲ. ಬಳಸುತ್ತಿರುವುದು ಪೈಥಾನ್ ಭಾಷೆ ಮತ್ತು ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ಸಂಗ್ರಹ. ಖಾತೆಗಳೆಲ್ಲ ನಾನೇ ಸೃಷ್ಟಿಸಿದವು. ಯಾವ ಬ್ಯಾಂಕಿನ ಗ್ರಾಹಕರ ಮಾಹಿತಿಯೂ ಇದರಲ್ಲಿಲ್ಲ.

ಜೂನ್: ಕಿರ್ದಿ ಮತ್ತು ಎರಡು ದಿನಾಂಕ

ಹಣವನ್ನೆಲ್ಲ ಪೈಸೆಯ ಪೂರ್ಣಾಂಕದಲ್ಲಿ ಇಟ್ಟೆ. ದಶಮಾಂಶವನ್ನು ಕಂಪ್ಯೂಟರ್ ಸಾಮಾನ್ಯವಾಗಿ ಅಂದಾಜಿನಲ್ಲಿ ಹಿಡಿಯುತ್ತದೆ, ತಾಳೆಪಟ್ಟಿಗೆ ಅದು ಆಗದು. ಪ್ರತಿ ನಮೂದಿಗೂ ಎರಡು ದಿನಾಂಕ: ವ್ಯವಹಾರ ನಡೆದ ದಿನ, ಪುಸ್ತಕಕ್ಕೆ ಬಂದ ದಿನ. ಮಾರ್ಚ್ 31ರ ವರದಿ ಏಪ್ರಿಲ್‌ನಲ್ಲಿ ಹೋದ ಮೇಲೆ ಹಿಂದಿನ ತಾರೀಖಿಗೆ ಒಂದು ತಿದ್ದುಪಡಿ ಬಂತು ಎನ್ನಿ. ಅಂದು ಕಳಿಸಿದ ಅಂಕಿಯೂ ಈಗಿನ ಅಂಕಿಯೂ ಎರಡೂ ಸಿಗಬೇಕು, ನಡುವಿನ ವ್ಯತ್ಯಾಸಕ್ಕೆ ಕಾರಣವಾದ ವೋಚರೂ ಕಾಣಬೇಕು. ಇದು ಈಗ ಚೆನ್ನಾಗಿ ನಡೆಯುತ್ತಿದೆ.

2008ರ ಬಿಕ್ಕಟ್ಟಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳಿಗೇ ತಮ್ಮ ಒಟ್ಟು ಅಪಾಯ ಎಷ್ಟೆಂದು ಬೇಗ ಕೂಡಿಸಿ ಹೇಳಲಾಗಲಿಲ್ಲ. ಅದಕ್ಕೇ ಬಾಸೆಲ್ ಸಮಿತಿ (ಬ್ಯಾಂಕುಗಳ ಮೇಲ್ವಿಚಾರಣೆಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಮಿತಿ) 2013ರ ಜನವರಿಯಲ್ಲಿ ಅಪಾಯದ ಮಾಹಿತಿ ಕ್ರೋಡೀಕರಣಕ್ಕೆಂದೇ ತತ್ವಗಳನ್ನು ಪ್ರಕಟಿಸಿತು. ಅವು ದೊಡ್ಡವರಿಗಾಗಿ ಬರೆದವು, ನಿಜ. ಆದರೆ ನಮ್ಮ ಪೇಟೆಯ ಬ್ಯಾಂಕಿನಲ್ಲಿ ಹಣ ಇಟ್ಟವರಿಗೂ ಅಷ್ಟೇ ಶಿಸ್ತಿನ ಲೆಕ್ಕ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜುಲೈ: ಸುಸ್ತಿ ಎಣಿಸುವ ಕೆಲಸ

ತಿಂಗಳೆಲ್ಲ ಇದಕ್ಕೇ ಹೋಯಿತು, ಹೋಗಲೇಬೇಕಿತ್ತು. ರಿಸರ್ವ್ ಬ್ಯಾಂಕಿನ 2021ರ ನವೆಂಬರ್ 12ರ ಸುತ್ತೋಲೆಯಲ್ಲೇ ಒಂದು ಉದಾಹರಣೆ ಇದೆ. ಕಂತಿನ ದಿನ 2021ರ ಮಾರ್ಚ್ 31. ಅಂದಿನ ದಿನಾಂತ್ಯದೊಳಗೆ ಹಣ ಬರದಿದ್ದರೆ ಸುಸ್ತಿ ಅಂದಿನಿಂದಲೇ ಶುರು, ಖಾತೆ ಎಸ್‌ಎಂಎ-0, ಅಂದರೆ ವಿಶೇಷ ನಿಗಾ ಬೇಕಾದ ಖಾತೆಗಳ ಮೊದಲ ಮೆಟ್ಟಿಲು. ಹಾಗೇ ಉಳಿದರೆ ಏಪ್ರಿಲ್ 30ಕ್ಕೆ ಎಸ್‌ಎಂಎ-1, ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಇದನ್ನೇ ಮೊದಲ ಪರೀಕ್ಷೆಯಾಗಿ ಬರೆದುಕೊಂಡೆ. ಕೋಡ್ ಎಲ್ಲಿ ಬದಲಿಸಿದರೂ ಈ ನಾಲ್ಕು ತಾರೀಖು ಹೊಂದದಿದ್ದರೆ ಮುಂದಿನ ಹೆಜ್ಜೆಯೇ ಇಲ್ಲ.

ಎನ್‌ಪಿಎ ಆದ ಸಾಲ ಮತ್ತೆ ಉತ್ತಮ ಸಾಲ ಆಗುವುದು ಯಾವಾಗ ಎಂಬುದನ್ನು, ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ ನನ್ನ ಮಾವ ಒಂದೇ ಉಸಿರಿನಲ್ಲಿ ಹೇಳಿದರು: "ತಮಾ, ಬಡ್ಡಿ ತುಂಬಿದ ಅಂದ ಮಾತ್ರಕ್ಕೆ ಸಾಲ ಚೊಲೋ ಆಗ್ತಿಲ್ಲೆ. ಬಾಕಿ ಪೂರಾ ಬರವು." ಸುತ್ತೋಲೆ ಹೇಳುವುದೂ ಅದನ್ನೇ: ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರಬೇಕು. ಈ ನಿಯಮ ಈಗ ಕೋಡಿನಲ್ಲಿದೆ.

ಬೆಳೆಸಾಲಕ್ಕೆ ಬೇರೆಯೇ ದಾರಿ. ಅಲ್ಲಿ 90 ದಿನದ ಎಣಿಕೆ ಇಲ್ಲ. ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದರೆ ಎನ್‌ಪಿಎ. ಹಂಗಾಮು ಎಷ್ಟು ಉದ್ದ ಎಂದು ಗೊತ್ತುಮಾಡುವುದು ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ. ಆದ್ದರಿಂದ ಅಡಿಕೆ, ಭತ್ತ, ಕಾಳುಮೆಣಸು ಯಾವುದನ್ನೂ ಕೋಡಿನೊಳಗೆ ಹೂಳದೆ ಪ್ರತ್ಯೇಕ ಕೋಷ್ಟಕದಲ್ಲಿಟ್ಟೆ. ಹಂಗಾಮಿನ ಲೆಕ್ಕಕ್ಕೆ ಒಳಪಟ್ಟ ಕೃಷಿ ಸಾಲಕ್ಕೆ ಎಸ್‌ಎಂಎ ವರ್ಗವೂ ಅನ್ವಯಿಸದು. ಆ ಅಂಕಣ ಖಾಲಿ ಇರುತ್ತದೆ, ಸೊನ್ನೆ ಅಲ್ಲ. ನಮ್ಮ ಕಡೆ ಸಾಲ ತೀರುವುದು ಕೊನೆಕೊಯ್ಲಾಗಿ ಅಡಿಕೆ ಟೆಂಡರಿಗೆ ಹೋಗಿ ದುಡ್ಡು ಬಂದ ಮೇಲೆ. ತಿಂಗಳ ಕಂತಿನ ಅಳತೆಗೋಲು ಇಲ್ಲಿ ಹಿಡಿದರೆ ಒಳ್ಳೆಯ ರೈತನೂ ಸುಸ್ತಿದಾರನಾಗಿ ಕಾಣುತ್ತಾನೆ.

ಆಗಸ್ಟ್: ಅವಕಾಶ ನಿಧಿ, ಬಂಡವಾಳ

ಕೆಟ್ಟ ಸಾಲಕ್ಕೆ ತೆಗೆದಿಡುವ ಮೊತ್ತವನ್ನು ಒಂದು ಖಾತೆ ಹಿಡಿದು ನೋಡಿದೆ. ಬಾಕಿ 8 ಲಕ್ಷ, ಅಡಮಾನದ ಬೆಲೆ 6 ಲಕ್ಷ. ಪಟ್ಟಣ ಸಹಕಾರಿ ಬ್ಯಾಂಕುಗಳ ನಿಯಮದಂತೆ ಸಂಶಯಾಸ್ಪದ ವರ್ಗದ (ಎನ್‌ಪಿಎ ಆಗಿ ವರ್ಷ ಕಳೆದೂ ತೀರದ ಸಾಲದ) ಮೊದಲ ವರ್ಷ, ಭದ್ರತೆ ಇರುವ ಭಾಗಕ್ಕೆ 20%, ಅಂದರೆ 1.2 ಲಕ್ಷ, ಭದ್ರತೆ ಇಲ್ಲದ 2 ಲಕ್ಷಕ್ಕೆ ಪೂರ್ತಿ. ಒಟ್ಟು 3.2 ಲಕ್ಷ. ಆ ವರ್ಗದಲ್ಲಿ ಒಂದು ವರ್ಷ ದಾಟಿದರೆ ದರ 30%, ಮೊತ್ತ 3.8 ಲಕ್ಷ. ಮೂರು ವರ್ಷ ದಾಟಿದರೆ ಎಂಟೂ ಲಕ್ಷ. ಆಡಳಿತ ಮಂಡಳಿಯ ಸದಸ್ಯರು ಈ ಮೆಟ್ಟಿಲನ್ನು ಮೊದಲೇ ನೋಡಲಿ ಎಂದು, ಇಂದಿನ ಸ್ಥಿತಿಯ ಪಕ್ಕದಲ್ಲೇ "ಹೀಗೇ ಬಿಟ್ಟರೆ" ಎಂಬ ಅಂಕಣ ಸೇರಿಸಿದ್ದೇನೆ. ಈ ತಂತ್ರಾಂಶದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ತೆಗೆದಿಟ್ಟ ಹಣ ಲಾಭವನ್ನು ತಿನ್ನುತ್ತದೆ, ಲಾಭ ಕುಗ್ಗಿದರೆ ಬಂಡವಾಳವೂ ಕುಗ್ಗುತ್ತದೆ. ಬಂಡವಾಳ 10 ಕೋಟಿ, ಅಪಾಯ ತೂಕದ ಆಸ್ತಿ (ಅಪಾಯಕ್ಕೆ ತಕ್ಕ ತೂಕ ಹಾಕಿ ಕೂಡಿದ ಸಾಲ, ಹೂಡಿಕೆಗಳ ಮೊತ್ತ) 80 ಕೋಟಿ ಇದ್ದರೆ ಅನುಪಾತ 12.5%. ಪೂರ್ಣ ತೂಕದ ಸಾಲಗಳಿಗೆ ಇನ್ನೂ 50 ಲಕ್ಷ ತೆಗೆದಿಟ್ಟರೆ 9.5 ಕೋಟಿಗೆ 79.5 ಕೋಟಿ, ಅಂದರೆ 11.95%. ಠೇವಣಿ 100 ಕೋಟಿ ದಾಟಿದ ಪಟ್ಟಣ ಬ್ಯಾಂಕುಗಳಿಗೆ ಸಾಮಾನ್ಯವಾಗಿ, 2022ರ ಡಿಸೆಂಬರಿನಲ್ಲಿ ಬಂದ ಪರಿಷ್ಕೃತ ಚೌಕಟ್ಟಿನಲ್ಲಿ ಗೊತ್ತುಮಾಡಿದ ಕನಿಷ್ಠ ಗೆರೆ 12%. ಅರ್ಧ ಕೋಟಿಯಲ್ಲಿ ಗೆರೆಯ ಕೆಳಗೆ!

ಒಂದೇ ಬೆಳೆಯ ಊರಿನಲ್ಲಿ ಅಪಾಯವೂ ಒಟ್ಟಿಗೇ ಬರುತ್ತದೆ. ಮಳೆ ಬಿಡದೆ ಸುರಿದು, ಬೋರ್ಡೋ ದ್ರಾವಣ ಹೊಡೆಯಲು ಬಿಸಿಲೇ ಸಿಗದೆ ಅಡಿಕೆಗೆ ಕೊಳೆರೋಗ ಹತ್ತಿದರೆ ಒಬ್ಬನ ತೋಟಕ್ಕಲ್ಲ, ಇಡೀ ಸೀಮೆಗೆ. ಆದ್ದರಿಂದ ಕೆಟ್ಟ ಕಾಲ ಬಂದರೆ ಬ್ಯಾಂಕು ತಡೆದೀತೇ ಎಂದು ನೋಡುವ ಒತ್ತಡ ಪರೀಕ್ಷೆಯಲ್ಲಿ ಸಾಲಗಾರರನ್ನು ಬಿಡಿಬಿಡಿಯಾಗಿ ಬೀಳಿಸುವುದಿಲ್ಲ. ಬೆಳೆ, ಗ್ರಾಮ ಎರಡರ ಮೇಲೆ ಗುಂಪು ಮಾಡಿ ಒಟ್ಟಿಗೇ ಬೀಳಿಸುತ್ತೇನೆ. ಎಲೆಚುಕ್ಕಿ ರೋಗಕ್ಕೆ ಇನ್ನೊಂದು ಸನ್ನಿವೇಶ ಬೇಕು. ಅದರ ಪೆಟ್ಟು ಒಂದೇ ವರ್ಷಕ್ಕೆ ಮುಗಿಯುವಂಥದ್ದಲ್ಲ.

ಈಗ ಕೈಯಲ್ಲಿರುವುದು

ಎಕ್ಸ್‌ಬಿಆರ್‌ಎಲ್ ಕಡತ, ಅಂದರೆ ಹಣಕಾಸಿನ ವರದಿಯನ್ನು ಕಂಪ್ಯೂಟರ್ ಓದುವಂತೆ ಬರೆಯುವ ನಮೂನೆ. ಇದರಲ್ಲಿ ಪ್ರತಿ ಅಂಕಿಯೂ ತನ್ನ ಹೆಸರು, ಅವಧಿ, ಘಟಕ ಹೊತ್ತುಕೊಂಡೇ ಹೋಗುತ್ತದೆ. ಅದರ ಜೊತೆಗೆ ನಮ್ಮ ವೋಚರಿನ ಜಾಡನ್ನು ಒಳಗಿನ ಕೋಷ್ಟಕದಲ್ಲಿ ಕಟ್ಟಿದ್ದೇನೆ. ಆರೆಲ್ ಎಂಬ ಮುಕ್ತ ತಂತ್ರಾಂಶದಿಂದ ತಪಾಸಣೆ ನಡೆಯುತ್ತಿದೆ. ಉಳಿದ ತೊಡಕು ಲಕ್ಷಕ್ಕೆ ದುಂಡಾಗಿಸುವುದರದ್ದು. ಬಿಡಿ ಸಾಲುಗಳನ್ನು ದುಂಡಾಗಿಸಿ ಕೂಡಿದ ಮೊತ್ತಕ್ಕೂ, ಪೈಸೆಯಲ್ಲಿ ಕೂಡಿ ಆಮೇಲೆ ದುಂಡಾಗಿಸಿದ ಮೊತ್ತಕ್ಕೂ ಕೆಲವೊಮ್ಮೆ ಒಂದು ಲಕ್ಷ ಹೊಂದುವುದಿಲ್ಲ. ವ್ಯತ್ಯಾಸವನ್ನು ಯಾವುದೋ ಸಾಲಿಗೆ ಸದ್ದಿಲ್ಲದೆ ತುರುಕುವುದು ನನಗೆ ಒಪ್ಪಿಗೆಯಿಲ್ಲ. ದುಂಡಾಗಿಸಿದ್ದರಿಂದ ಬಂದದ್ದು ಎಂದು ಕಾಣುವಂತೆ ಪ್ರತ್ಯೇಕ ಟಿಪ್ಪಣಿ ಹಾಕುವ ಭಾಗ ಬರೆಯುತ್ತಿದ್ದೇನೆ. ಅದಾದ ಮೇಲೆ ಠೇವಣಿ ಮತ್ತು ಸಾಲದ ಅವಧಿ ಹೋಲಿಸುವ ಕೋಷ್ಟಕ.