ತಂಗಡಿಯ ಹಾಳೆ, ಬಯಾಪ್ಸಿಯ ಚೀಟಿ

2006ರಿಂದ 2009ರವರೆಗೆ ನಾನು ಈ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ. ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದುಕೊಡಬೇಕೆಂದು ಕೇಳಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಸಸ್ಯಶಾಸ್ತ್ರ ಪ್ರಯೋಗಾಲಯದ ಮೂಲೆಯಲ್ಲಿದ್ದ ಕಬ್ಬಿಣದ ಕಪಾಟು ಮತ್ತು ಅದರೊಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದ, ಒಣಗಿಸಿದ ಗಿಡಗಳನ್ನು ಅಂಟಿಸಿದ ಹರ್ಬೇರಿಯಂ ಹಾಳೆಗಳು. ಈಗ ನಾನು ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿಯ, ಅಂದರೆ ಯಾವ ಊರಿನ ಯಾರಿಗೆ ಯಾವ ಕ್ಯಾನ್ಸರ್ ಯಾವಾಗ ಬಂತೆಂಬ ಲೆಕ್ಕ ಇಡುವ ಕೆಲಸ ನೋಡಿಕೊಳ್ಳುತ್ತೇನೆ. ಗಿಡ ಒಣಗಿಸಿ ಅಂಟಿಸುವುದಕ್ಕೂ ಈ ಕೆಲಸಕ್ಕೂ ಏನು ಸಂಬಂಧವೆಂದು ಮನೆಯವರೇ ಕೇಳುತ್ತಾರೆ. ಬಾಯಿಮಾತಿನಲ್ಲಿ ಹೇಳಲು ಹೋದಾಗಲೆಲ್ಲ ಅದು ಅರ್ಧಕ್ಕೇ ನಿಂತಿದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ವರ್ಷದ ಒಂದು ಭಾನುವಾರ ನಮ್ಮ ಸಸ್ಯಶಾಸ್ತ್ರದ ಗುರುಗಳು ಹನ್ನೆರಡು ಜನರನ್ನು ಗವಿಮಠದ ಗುಡ್ಡದ ಕಡೆಗೆ ಕರೆದುಕೊಂಡು ಹೋಗಿದ್ದರು. ಬಂಡೆಗಳ ಸಂದಿನಲ್ಲಿ ತಂಗಡಿ ಹಳದಿ ಹೂ ಬಿಟ್ಟು ನಿಂತಿತ್ತು. ಬುಡದಲ್ಲಿ ತುಂಬೆ, ದಾರಿಯ ಅಂಚಿನಲ್ಲಿ ಉತ್ತರಾಣಿ. ನಾನು ತಂಗಡಿಯ ಒಂದು ರೆಂಬೆಯನ್ನು ಹೂವು, ಕಾಯಿ ಸಮೇತ ಕತ್ತರಿಸಿ ತಂದು, ಹಳೆಯ ದಿನಪತ್ರಿಕೆಗಳ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ, ದಿನಕ್ಕೊಮ್ಮೆ ಕಾಗದ ಬದಲಿಸಿ ಒಣಗಿಸಿದೆ. ಗುರುವಾರ ಅದನ್ನು ದಪ್ಪ ಹಾಳೆಗೆ ಅಂಟಿಸಿ, ಬಲಗಡೆಯ ಕೆಳಮೂಲೆಯ ಚೀಟಿಯಲ್ಲಿ ಸ್ಥಳವೆಂದು ಕಾಲೇಜಿನ ಪ್ರಯೋಗಾಲಯವನ್ನೂ, ದಿನಾಂಕವೆಂದು ಆ ಗುರುವಾರದ ತಾರೀಖನ್ನೂ ಬರೆದು ಕೊಟ್ಟೆ. ಗುರುಗಳು ಹೂವನ್ನು ನೋಡಲೇ ಇಲ್ಲ. ಚೀಟಿಯ ಮೇಲೆ ಸೀಸದಕಡ್ಡಿಯಿಂದ ಎರಡು ಗೆರೆ ಎಳೆದು, 'ಗಿಡ ಎಲ್ಲಿ ಬೆಳೆದಿತ್ತು, ಯಾವತ್ತು ಕಿತ್ತಿ, ಅದನ್ನ ಬರಿ. ನೀ ಎಲ್ಲಿ ಕೂತು ಯಾವತ್ತು ಅಂಟಿಸಿದಿ ಅನ್ನೋದಕ್ಕೂ ಗಿಡಕ್ಕೂ ಸಂಬಂಧ ಇಲ್ಲ' ಎಂದರು. ಒಂದೇ ಗಿಡದಿಂದ ನಾಲ್ಕು ಹಾಳೆ ಮಾಡಿದರೂ ನಾಲ್ಕಕ್ಕೂ ಒಂದೇ ಸಂಗ್ರಹ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಮುಂದೆ ನೋಡುವವರು ನಾಲ್ಕು ಗಿಡಗಳೆಂದು ತಿಳಿಯುತ್ತಾರೆ ಎಂಬುದನ್ನೂ ಅಂದೇ ಹೇಳಿಕೊಟ್ಟರು. ಎಲ್ಲಿಯದು, ಎಂದಿನದು, ಒಂದೇ ಅಥವಾ ಹಲವು: ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಹಾಳೆಯನ್ನು ಅವರು ಕಪಾಟಿಗೆ ಸೇರಿಸುತ್ತಿರಲಿಲ್ಲ.

ಪದವಿಯ ನಂತರ ಕೆಲಕಾಲ ಕಂಪ್ಯೂಟರ್ ಕಲಿತು ಆಸ್ಪತ್ರೆಯೊಂದರ ದಾಖಲೆ ವಿಭಾಗಕ್ಕೆ ಸೇರಿದೆ. ಅಲ್ಲಿ ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ಪಟ್ಟಿ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದರು. ಹೇಗೆ ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ವಿಳಾಸದ ಕಾಲಂನಲ್ಲಿ ಹೊರರೋಗಿ ಚೀಟಿಯಲ್ಲಿದ್ದಂತೆ ಕೊಪ್ಪಳ, ರಾಯಚೂರು, ಹೊಸಪೇಟೆ ಎಂದಷ್ಟೇ ತುಂಬುತ್ತಿದ್ದೆ. ದಿನಾಂಕವೆಂದರೆ ಕಡತ ನನ್ನ ಮೇಜಿಗೆ ಬಂದ ದಿನ. ಒಬ್ಬ ಹೆಣ್ಣುಮಗಳು ಶಸ್ತ್ರಚಿಕಿತ್ಸೆಗೊಮ್ಮೆ, ವಿಕಿರಣ ಚಿಕಿತ್ಸೆಗೊಮ್ಮೆ ಬಂದಾಗ ಎರಡು ಸಾಲು ಸೇರಿಸಿದ್ದೆ, ಏಕೆಂದರೆ ಒಂದು ಕಡತದಲ್ಲಿ ಹೆಸರು 'ಅಮ್ಮ' ಎಂದೂ ಇನ್ನೊಂದರಲ್ಲಿ 'ಅವ್ವ' ಎಂದೂ ಕೊನೆಗೊಂಡಿತ್ತು. ಗುಡ್ಡದ ಮೇಲೆ ಕಲಿತ ಪಾಠವನ್ನು ನಾನು ಗಿಡಗಳಿಗೆ ಮಾತ್ರ ಸೇರಿದ್ದೆಂದು ತಿಳಿದಿದ್ದೆ.

2020ರಲ್ಲಿ ಊರಿಂದೂರಿಗೆ ಹೋಗುವುದೇ ನಿಂತಾಗ ನೋಂದಣಿ ಸಿಬ್ಬಂದಿಯ ತರಬೇತಿಯೂ ಆನ್‌ಲೈನಿಗೆ ಬಂದಿತು. ಆ ಹೊತ್ತಿಗೆ ನಾನು ಈಗಿನ ಕೆಲಸಕ್ಕೆ ಸೇರಿದ್ದೆ. ರಾತ್ರಿ ಊಟದ ನಂತರ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಮೊಬೈಲಿನ ಇಂಟರ್‌ನೆಟ್ಟಿಗೆ ಜೋಡಿಸಿ ಪಾಠ ಕೇಳುತ್ತಿದ್ದೆ. ಕರೆಂಟು ಹೋದರೆ ಪಾಠ ಮರುದಿನಕ್ಕೆ ಉಳಿಯುತ್ತಿತ್ತು. ಅಂದಿನಿಂದ ಇಂದಿನವರೆಗೆ ಬಿಡುವಾದಾಗಲೆಲ್ಲ ಇಂಥ ಪಾಠಗಳನ್ನು ಮಾಡುತ್ತ ಬಂದಿದ್ದೇನೆ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನೋಂದಣಿಯನ್ನು ಕುರಿತು ಸ್ವಂತ ವೇಗದಲ್ಲಿ ಕಲಿಯಬಹುದಾದ ಪಾಠಗಳನ್ನು ಸಿದ್ಧಪಡಿಸಿದೆ. ಅದೇ ಸಂಸ್ಥೆ ಕ್ಯಾನ್‌ರೆಜ್ ಎಂಬ ತಂತ್ರಾಂಶವನ್ನು ನೋಂದಣಿ ಕೇಂದ್ರಗಳಿಗೆ ಉಚಿತವಾಗಿ ಕೊಡುತ್ತದೆ. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1981ರ ಕೊನೆಯಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. 1982ರಿಂದ ಮಾಹಿತಿ ಸಂಗ್ರಹ ಶುರುವಾದ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯದೂ ಒಂದು. ನಮ್ಮ ಭಾಗದ ರೋಗಿಗಳ ಬಾಯಲ್ಲಿ 'ಕಿದ್ವಾಯಿಗೆ ಹೋಗಿ ಬಂದೆವು' ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದ ನನಗೆ, ಅದೇ ಸಂಸ್ಥೆಯಲ್ಲಿ ನಾನು ಹುಟ್ಟುವ ಮೊದಲೇ ಈ ಲೆಕ್ಕ ಇಡುವ ಕೆಲಸ ನಡೆದಿತ್ತೆಂಬುದು ತರಬೇತಿಯಲ್ಲಿಯೇ ತಿಳಿಯಿತು.

ಮೊದಲು ಕಲಿಸಿದ್ದು ಸಂಕೇತಗಳನ್ನು. ಪ್ರತಿ ಗೆಡ್ಡೆಗೂ ಎರಡು ಸಂಕೇತ ಬೇಕು: ದೇಹದ ಯಾವ ಭಾಗದಲ್ಲಿ ಹುಟ್ಟಿತು ಎಂಬುದಕ್ಕೆ ಒಂದು, ಸೂಕ್ಷ್ಮದರ್ಶಕದಲ್ಲಿ ಅದರ ಸ್ವರೂಪವೇನು ಎಂಬುದಕ್ಕೆ ಇನ್ನೊಂದು. ಗುಟ್ಕಾ ಜಗಿದು ಕೆನ್ನೆಯ ಒಳಪದರದಲ್ಲಿ ಹುಣ್ಣಾಗಿ ಬಂದವರ ಬಯಾಪ್ಸಿ ಚೀಟಿಯಲ್ಲಿ, ಅಂದರೆ ಗೆಡ್ಡೆಯಿಂದ ತೆಗೆದ ತುಣುಕಿನ ಪರೀಕ್ಷೆಯ ವರದಿಯಲ್ಲಿ, ಸಾಮಾನ್ಯವಾಗಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ (ಚಪ್ಪಟೆ ಜೀವಕೋಶಗಳ ಕ್ಯಾನ್ಸರ್) ಎಂದಿರುತ್ತದೆ, ಅದು ಸಿ06.0 ಮತ್ತು 8070/3 ಎಂದು ದಾಖಲಾಗುತ್ತದೆ. ಓರೆಗೆರೆಯ ನಂತರದ ಒಂದೇ ಅಂಕಿಯ ಮೇಲೆ ಎಷ್ಟು ಅವಲಂಬಿಸಿದೆಯೆಂದರೆ, 0 ಇದ್ದರೆ ಅಪಾಯವಿಲ್ಲದ ಗೆಡ್ಡೆ, 2 ಇದ್ದರೆ ಹುಟ್ಟಿದ ಪದರವನ್ನು ದಾಟದ ಕ್ಯಾನ್ಸರ್, 3 ಇದ್ದರೆ ಸುತ್ತಲಿನ ಅಂಗಾಂಶಕ್ಕೆ ಇಳಿದದ್ದು, 6 ಇದ್ದರೆ ಬೇರೆಡೆ ಹುಟ್ಟಿ ಇಲ್ಲಿಗೆ ಹರಡಿದ್ದು. ಯಕೃತ್ತಿನಿಂದ ತೆಗೆದ ತುಣುಕಿನಲ್ಲಿ ಕ್ಯಾನ್ಸರ್ ಕಂಡಿತೆಂದು ಯಕೃತ್ತಿನ ಸಂಕೇತ ಕೊಟ್ಟುಬಿಟ್ಟರೆ, ಸ್ತನದಲ್ಲಿ ಹುಟ್ಟಿ ಯಕೃತ್ತಿಗೆ ಹರಡಿದ ಕಾಯಿಲೆ ದಾಖಲೆಯಲ್ಲಿ ಯಕೃತ್ತಿನದೇ ಆಗಿ ಉಳಿಯುತ್ತದೆ. ಗಿಡ ಎಲ್ಲಿ ಬೆಳೆದಿತ್ತು ಎಂಬ ಪ್ರಶ್ನೆ ಇಲ್ಲಿ ದೇಹದೊಳಗೇ ಎದುರಾಯಿತು.

ಮೂರನೆಯ ವಾರದ ಅಭ್ಯಾಸದಲ್ಲಿ ಒಂದು ಬಯಾಪ್ಸಿ ವರದಿ ಕೊಟ್ಟಿದ್ದರು. ಅದರಲ್ಲಿ ಮೂರು ದಿನಾಂಕಗಳು: ತುಣುಕು ತೆಗೆದದ್ದು ಡಿಸೆಂಬರ್ 29, ಪ್ರಯೋಗಾಲಯಕ್ಕೆ ತಲುಪಿದ್ದು 31, ವರದಿಗೆ ಸಹಿಯಾದದ್ದು ಜನವರಿ 4. ಈ ರೋಗ ಯಾವ ವರ್ಷದ ಲೆಕ್ಕಕ್ಕೆ ಸೇರಬೇಕು ಎಂಬುದು ಪ್ರಶ್ನೆ. ವರದಿಯ ದಿನವನ್ನು ಬರೆಯಲು ಕೈ ಹೋದದ್ದು ಅಲ್ಲಿಯೇ ನಿಂತಿತು. ಅಂಟಿಸಿದ ದಿನವಲ್ಲ, ಕಿತ್ತ ದಿನ. ಪಾಠದಲ್ಲಿ ಕಲಿಸಿದ ಯುರೋಪಿನ ನೋಂದಣಿಗಳ ನಿಯಮದಲ್ಲಿಯೂ ತುಣುಕು ತೆಗೆದ ದಿನಕ್ಕೇ ಮೊದಲ ಸ್ಥಾನ. ಅದು ಸಿಗದಿದ್ದರೆ ಮಾತ್ರ ಪ್ರಯೋಗಾಲಯಕ್ಕೆ ತಲುಪಿದ ದಿನ, ಅದೂ ಇಲ್ಲದಿದ್ದರೆ ವರದಿಯ ದಿನ. ನಾನು ಡಿಸೆಂಬರ್ 29 ಎಂದು ತುಂಬಿ, ಬಹಳ ಹೊತ್ತು ಆ ಪರದೆಯನ್ನೇ ನೋಡುತ್ತ ಕುಳಿತಿದ್ದೆ. ಹದಿಮೂರು ವರ್ಷಗಳ ಹಿಂದೆ ನನ್ನ ಚೀಟಿಯ ಮೇಲೆ ಗೆರೆ ಎಳೆದವರಿಗೆ ಅಂದು ಫೋನ್ ಮಾಡಿದ್ದರೆ ಚೆನ್ನಾಗಿತ್ತು, ಮಾಡಲಿಲ್ಲ.

ಸಂಕೇತ ಕಲಿಯುವುದಕ್ಕಿಂತ ನೋಂದಣಿಯ ನಿರ್ವಹಣೆ ಕಷ್ಟ. ಆಸ್ಪತ್ರೆಯ ನೋಂದಣಿ ಬಾಗಿಲಿಗೆ ಬಂದವರನ್ನು ಎಣಿಸುತ್ತದೆ. ಜನಸಂಖ್ಯಾ ಆಧಾರಿತ ನೋಂದಣಿ ಒಂದು ಪ್ರದೇಶದಲ್ಲಿ ವಾಸಿಸುವವರ ಪೈಕಿ ಹೊಸದಾಗಿ ಕಾಯಿಲೆ ಬಂದವರನ್ನು, ಅವರು ಎಲ್ಲಿಯೇ ಚಿಕಿತ್ಸೆ ಪಡೆದಿರಲಿ, ಎಣಿಸುತ್ತದೆ. ಕುಷ್ಟಗಿಯವರು ಹುಬ್ಬಳ್ಳಿಗೆ ಹೋಗುತ್ತಾರೆ, ರಾಯಚೂರಿನವರು ಹೈದರಾಬಾದಿಗೆ, ಗಂಗಾವತಿಯವರು ಬಳ್ಳಾರಿಗೆ ಅಥವಾ ಬೆಂಗಳೂರಿಗೆ. ಕರ್ನಾಟಕದಲ್ಲಿ ಕ್ಯಾನ್ಸರ್ ಅಧಿಸೂಚಿತ, ಅಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ, ರೋಗವಾಗಿದ್ದರೂ ಮಾಹಿತಿ ತಾನಾಗಿ ನಡೆದು ಬರುವುದಿಲ್ಲ. ನೋಂದಣಿಯವರೇ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳನ್ನು ಸುತ್ತಿ ತರಬೇಕು. ಹಾಗೆ ನಾಲ್ಕು ಕಡೆಯಿಂದ ಬಂದ ಚೀಟಿಗಳು ಒಬ್ಬರವೇ ಅಥವಾ ನಾಲ್ವರವೇ ಎಂದು ಹೊಂದಿಸಿ ನೋಡುವುದರಲ್ಲಿಯೇ ನಮ್ಮ ಹೆಚ್ಚಿನ ಸಮಯ ಕಳೆಯುತ್ತದೆ. ಹೆಸರಿನಿಂದ ಮಾತ್ರ ಇದು ಆಗದು. ನಮ್ಮ ಕಡೆ ಹುಲಿಗೆಮ್ಮ ಹುಲಿಗೆವ್ವಳಾಗುತ್ತಾಳೆ, ಗವಿಸಿದ್ದಪ್ಪ ಒಂದು ಚೀಟಿಯಲ್ಲಿ ಬರೀ ಸಿದ್ದಪ್ಪನಾಗುತ್ತಾನೆ, ಹುಸೇನಸಾಬ ಎಂಬುದನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ. ವಯಸ್ಸು ಕೇಳಿದರೆ ಐವತ್ತು ಅಥವಾ ಅರವತ್ತು. ಆದ್ದರಿಂದ ತಂದೆ ಅಥವಾ ಗಂಡನ ಹೆಸರು, ಊರು, ಫೋನ್ ಸಂಖ್ಯೆ, ಗೆಡ್ಡೆಯ ಜಾಗ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡಿದ್ದೆಲ್ಲವನ್ನೂ ಹೊರಗೆ ಯಾರಿಗೂ ತಿಳಿಯದಂತೆ ಕಾಯಬೇಕು.

ಊರಿನ ವಿಷಯವಂತೂ ನಮ್ಮ ಜಿಲ್ಲೆಗಳಲ್ಲಿ ವಿಶೇಷ ಎಚ್ಚರ ಬೇಡುತ್ತದೆ. ಕೊಪ್ಪಳವೇ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಹರಪನಹಳ್ಳಿ ಅದೇ ವರ್ಷ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ರೋಗದ ಪ್ರಮಾಣವನ್ನು ಲಕ್ಷ ಜನರಿಗೆ ಇಷ್ಟು ಎಂದು ಹೇಳುವಾಗ ಮೇಲೆ ರೋಗಿಗಳ ಸಂಖ್ಯೆ, ಕೆಳಗೆ ಜನಸಂಖ್ಯೆ ಬರುತ್ತದೆ. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24.5 ಲಕ್ಷ, ಅದು ಈಗ ವಿಜಯನಗರ ಜಿಲ್ಲೆಯಲ್ಲಿರುವ ಹೊಸಪೇಟೆ, ಕೂಡ್ಲಿಗಿ, ಹಡಗಲಿಗಳನ್ನು ಒಳಗೊಂಡ ಹಳೆಯ ಬಳ್ಳಾರಿ. ಇಂದಿನ ಬಳ್ಳಾರಿಯ ರೋಗಿಗಳನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಕಾಯಿಲೆ ಇದ್ದುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಜಿಲ್ಲೆಯ ಗಡಿ ಬದಲಾದರೂ ಹಳ್ಳಿ ಬದಲಾಗುವುದಿಲ್ಲ. ಆದ್ದರಿಂದ ಹಳ್ಳಿ ಮತ್ತು ತಾಲೂಕಿನ ಹೆಸರಿಲ್ಲದ ಚೀಟಿಯನ್ನು ನಾನೀಗ ಮುಚ್ಚುವುದಿಲ್ಲ. ಅದೂ ಸುಲಭವಲ್ಲ, ಹೊಸಹಳ್ಳಿ, ಬಸಾಪುರಗಳು ಎಷ್ಟೋ ತಾಲೂಕುಗಳಲ್ಲಿವೆ. ಹೋದ ಮಳೆಗಾಲದಲ್ಲಿ 'ಬಸಾಪುರ' ಎಂದಷ್ಟೇ ಇದ್ದ ಒಂದು ಕಡತಕ್ಕಾಗಿ ನಾಲ್ಕು ಕಡೆಯ ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿದ್ದೆ. ನಾಲ್ಕನೆಯವರು ಆ ಮನೆಯನ್ನು ಬಲ್ಲವರಾಗಿದ್ದರು. ರೋಗಿ ತೀರಿಕೊಂಡು ಹದಿನೈದು ದಿನವಾಗಿತ್ತು.

ಕಳೆದ ವರ್ಷ ಪ್ರಮಾಣಪತ್ರವೊಂದರ ನಕಲಿಗಾಗಿ ಕಾಲೇಜಿಗೆ ಬಂದಾಗ ಸಸ್ಯಶಾಸ್ತ್ರ ವಿಭಾಗದವರು ಕಪಾಟು ತೆಗೆದು ತೋರಿಸಿದರು. ನನ್ನ ತಂಗಡಿಯ ಹಾಳೆ ಇನ್ನೂ ಇದೆ. ಹೂವಿನ ಹಳದಿ ಹೋಗಿ ಕಂದಾಗಿದೆ. ಸೀಸದಕಡ್ಡಿಯ ಎರಡು ಗೆರೆಗಳಿರುವ ಮೊದಲ ಚೀಟಿಯನ್ನು ಗುರುಗಳು ಕೀಳಲು ಬಿಟ್ಟಿರಲಿಲ್ಲ. ಅದರ ಪಕ್ಕದಲ್ಲಿ ಗುಡ್ಡದ ಹೆಸರೂ ಭಾನುವಾರದ ತಾರೀಖೂ ಇರುವ ನನ್ನ ಎರಡನೆಯ ಚೀಟಿ, ಅದರಲ್ಲಿ ಗಿಡದ ಹೆಸರು ಕ್ಯಾಸಿಯಾ ಆರಿಕ್ಯುಲೇಟಾ ಎಂದಿದೆ. ಅದರ ಮೇಲ್ಗಡೆ ನಾನು ಕಾಣದ ಮೂರನೆಯ ಚೀಟಿಯೊಂದಿತ್ತು. ನನ್ನ ನಂತರ ಓದಿದ ಯಾರೋ ಒಬ್ಬ ವಿದ್ಯಾರ್ಥಿನಿ ಈಗ ಬಳಕೆಯಲ್ಲಿರುವ ಸೆನ್ನಾ ಆರಿಕ್ಯುಲೇಟಾ ಎಂಬ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಹಳೆಯದನ್ನು ಮುಟ್ಟದೆ, ಕೆಳಗೆ ತನ್ನ ಹೆಸರನ್ನೂ ತಿದ್ದಿದ ದಿನವನ್ನೂ ನಮೂದಿಸಿದ್ದಳು.