ಊಟ ಆತೇನ್ರೀ ಮೇಷ್ಟ್ರೇ?

ಕಳೆದ ಭಾನುವಾರ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಬೈಕ್ ರಿಪೇರಿಯ ಮೇಸ್ತ್ರಿಯವರು ನಮ್ಮ ಮನೆಯ ಅಂಗಳದಲ್ಲಿ ನಿಂತು, ನಾನು ಹರಿದುಹಾಕಿದ್ದ ಬೈಕಿನ ರಬ್ಬರನ್ನು ಬಿಸಿಲಿಗೆ ಎತ್ತಿ ಹಿಡಿದು, ಒಂದು ಸುತ್ತು ತಿರುಗಿಸಿ ನೋಡಿದರು. ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: “ಊಟ ಆತೇನ್ರೀ ಮೇಷ್ಟ್ರೇ?”

ನಮ್ಮ ದಾವಣಗೆರೆಯಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಕೇಳುವ ಮಾತು ಅದು. ನಾನೂ ಹಾಗೆಯೇ ತಿಳಿದು, “ಆಗ್ತದೆ ಬಿಡ್ರಿ, ಇದೊಂದು ಮುಗೀಲಿ” ಎಂದೆ. ಅವರು ಏನೂ ಹೇಳದೆ ರಬ್ಬರನ್ನು ಕಟ್ಟೆಯ ಮೇಲೆ ಇಟ್ಟರು.

ಗಾಡಿ ನನ್ನ ಚಿಕ್ಕಪ್ಪನದು, ಯೆಜ್ಡಿ ರೋಡ್‌ಕಿಂಗ್. ಮೈಸೂರಿನಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋದರೂ ಅದರ ಬಿಡಿಭಾಗಗಳು ಹುಡುಕಿದರೆ ಇಂದಿಗೂ ಸಿಗುತ್ತವೆ. ಆದರೆ ನನಗೆ ಬೇಕಾಗಿದ್ದ ಭಾಗವನ್ನು ಆ ಕಾರ್ಖಾನೆಯವರು ಮಾಡಿಯೇ ಇರಲಿಲ್ಲ. ಹತ್ತಿ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದ ಚಿಕ್ಕಪ್ಪ, ಚಿತ್ರದುರ್ಗದ ಕಡೆಯ ಗಾಳಿ ಎದೆಗೆ ಹೊಡೆಯುತ್ತದೆ ಎಂದು ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಯಾರಿಂದಲೋ ಫೈಬರಿನ ಫೇರಿಂಗ್, ಅಂದರೆ ಗಾಡಿಯ ಮುಂದೆ ಗಾಳಿ ತಡೆಯುವ ಹೊದಿಕೆ, ಮಾಡಿಸಿ ಹಾಕಿಸಿದ್ದರು. ಜೋಗಿಮಟ್ಟಿಯ ಗುಡ್ಡದ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ಕಂಡಾಗಲೆಲ್ಲ ಚಿಕ್ಕಪ್ಪನ ದೂರಿನಲ್ಲಿ ಸುಳ್ಳಿರಲಿಲ್ಲ ಅನಿಸುತ್ತದೆ.

ಈ ಫೇರಿಂಗನ್ನು ಬಿಗಿದಿರುವುದು ಹ್ಯಾಂಡಲ್ಲಿಗಲ್ಲ, ಚಾಸಿಗೆ. ಆದ್ದರಿಂದ ಹ್ಯಾಂಡಲ್ ತಿರುಗಿದರೂ ಫೇರಿಂಗ್ ತಿರುಗುವುದಿಲ್ಲ. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನ ಎರಡು ಕೊಳವೆಗಳು ಹಾದುಹೋಗಲು ಅದರ ತಳದಲ್ಲಿ ಎರಡು ಉದ್ದನೆಯ ತೂತುಗಳಿದ್ದು, ಕೊಳವೆ ಎಡಕ್ಕೂ ಬಲಕ್ಕೂ ಆಡಬೇಕಾದ್ದರಿಂದ ತೂತು ಕೊಳವೆಗಿಂತ ಬಹಳ ದೊಡ್ಡದಾಗಿಯೇ ಇರಬೇಕು. ಉಳಿಯುವ ಸಂದನ್ನು ಮುಚ್ಚಲು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿದೆ. ಅದರ ಹೊರ ಅಂಚಿನ ಸುತ್ತ ಇರುವ ತೋಡಿನಲ್ಲಿ ಫೈಬರಿನ ಅಂಚು ಕೂರುತ್ತದೆ, ಒಳಗಿನ ಕೊರಳು ಕೊಳವೆಯನ್ನು ಅಪ್ಪಿಕೊಳ್ಳುತ್ತದೆ. ಚಿಕ್ಕಪ್ಪನ ಕಾಲದ ರಬ್ಬರು ಒಣಗಿ ಹಪ್ಪಳದಂತಾಗಿತ್ತು. ಹೋದ ತಿಂಗಳು ಭರಮಸಾಗರ ದಾಟುತ್ತಲೇ ಮಳೆ ಹಿಡಿದು, ಮುಂಗಾಲಿಯ ನೀರೆಲ್ಲ ಆ ಸಂದಿನಿಂದ ಮೇಲಕ್ಕೆ ಚಿಮ್ಮಿ ಹೆಡ್‌ಲೈಟಿನ ವೈರುಗಳಿಗೆ ತಗುಲಿ ದೀಪ ಆರಿತು. ಲಾರಿಗಳು ಓಡುವ ಹೆದ್ದಾರಿಯಲ್ಲಿ ಕತ್ತಲೆಯಲ್ಲಿ ಅರ್ಧ ತಾಸು ನಿಂತೆ. ಬೆಂಗಳೂರಿನ ನಮ್ಮ ಭಾವನಿಗೆ ಇದನ್ನು ಹೇಳಿದರೆ, “ಆ ಡಬ್ಬಾನ ಕಿತ್ತು ಬಿಸಾಕು, ಗಾಡಿ ಚೆನ್ನಾಗಿ ಕಾಣುತ್ತೆ” ಎಂದ. ಅವನು ಮನೆಯ ಹಳೆಯ ತೊಲೆಬಾಗಿಲನ್ನೂ ಹೀಗೆಯೇ ಕೀಳಿಸಿದವನು. ಅವನ ಸಲಹೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೆಯ ರಬ್ಬರಿನ ಅಳತೆ ಕೊಟ್ಟು ಎರಡು ಜೊತೆ ಹೊಸದು ಮಾಡಿಸಿದೆ. ಎರಡು ಜೊತೆ ಮಾಡಿಸಿದ್ದೊಂದೇ ನಾನು ಈ ಕೆಲಸದಲ್ಲಿ ತೋರಿದ ಬುದ್ಧಿವಂತಿಕೆ. ಭಾನುವಾರ ಬೆಳಿಗ್ಗೆಯೇ ಮುಂದಿನ ಗಾಲಿ, ಮಡ್‌ಗಾರ್ಡು, ಫೋರ್ಕಿನ ಕಾಲುಗಳನ್ನೆಲ್ಲ ಇಳಿಸಿ ಚಾಪೆಯ ಮೇಲೆ ಹರವಿಕೊಂಡು, ರಬ್ಬರಿಗೆ ಧಾರಾಳವಾಗಿ ಗ್ರೀಸ್ ಬಳಿದು ಕುಳಿತೆ. ಒಂದು ಕಡೆ ಅಂಚು ಕೂಡಿಸಿದರೆ ಇನ್ನೊಂದು ಕಡೆ ಹೊರಗೆ ಬರುತ್ತಿತ್ತು. ಕೂತಿರುವ ಭಾಗವನ್ನು ಹೆಬ್ಬೆರಳಿನಲ್ಲಿ ಅದುಮಿ ಹಿಡಿದು ಮುಂದಕ್ಕೆ ಸರಿದರೆ ಹಿಂದಿನದು ಜಾರುತ್ತಿತ್ತು. ಹೆಂಡತಿ ಮೂರು ಸಲ ಊಟಕ್ಕೆ ಕರೆದಳು. ಮೂರನೆಯ ಸಲ ಅವಳ ದನಿಯಲ್ಲಿದ್ದ ಬದಲಾವಣೆಯನ್ನು ಗಮನಿಸಿಯೂ, ಇನ್ನು ನಾಲ್ಕು ಬೆರಳಿನಷ್ಟು ಉಳಿದಿದೆ ಎಂಬ ಹಟದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಅಂಚನ್ನು ಮೀಟಿದೆ. ಗೆರೆ ಎಳೆದಂತೆ ಸಣ್ಣದೊಂದು ಗೀರು ಬಿತ್ತು. ಸೀಳಿನ ತುದಿಯಲ್ಲೇ ಒತ್ತಡ ಮಡುಗಟ್ಟುತ್ತದೆ, ಎಳೆದಷ್ಟೂ ಸೀಳು ಮುಂದೋಡುತ್ತದೆ ಎಂದು ಪಿಯು ಹುಡುಗರಿಗೆ ವರ್ಷ ವರ್ಷವೂ ಪಾಠ ಮಾಡುವ ನಾನು ಆ ಗೀರನ್ನು ಕಣ್ಣಾರೆ ಕಂಡು, ಮತ್ತೆ ಎಳೆದೆ.

ಆಮೇಲೆಯೇ ಮೇಸ್ತ್ರಿಯವರಿಗೆ ಫೋನ್ ಮಾಡಿದ್ದು. ಅವರಿಗೆ ಎಪ್ಪತ್ತು ದಾಟಿದೆ. ಅಂಗಡಿ ಮಗನ ಕೈಗೆ ಹೋಗಿದೆ, ಮಗನಿಗೆ ಹಳೆಯ ಗಾಡಿಗಳೆಂದರೆ ತಾತ್ಸಾರ. ಇವರು ಮಾತ್ರ ಯೆಜ್ಡಿಯೆಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ.

ಅವರು ಮೊದಲು ಮಾಡಿದ ಕೆಲಸ, ಉಳಿದ ರಬ್ಬರುಗಳಿಗೂ ನಾನು ಬಳಿದಿದ್ದ ಗ್ರೀಸನ್ನು ಸೋಪು ಹಾಕಿ ತೊಳೆದದ್ದು. ಖನಿಜ ತೈಲ ಕುಡಿದರೆ ಇಂಥ ರಬ್ಬರು ಕ್ರಮೇಣ ಉಬ್ಬಿ ಸಡಿಲಾಗುತ್ತದೆ. “ಗ್ರೀಸು ಬೇರಿಂಗಿಗೆ, ರಬ್ಬರಿಗೆ ಸೋಪಿನ ನೀರು” ಎಂದರು. ಎರಡನೆಯದಾಗಿ, ಬಚ್ಚಲ ಹಂಡೆಯಿಂದ ಬಿಸಿ ನೀರು ತರಿಸಿ ರಬ್ಬರನ್ನು ಅದರಲ್ಲಿ ಮುಳುಗಿಸಿದರು. ನಾನು ಸುಮ್ಮನಿರಬೇಕಿತ್ತು. ಭಾರ ತೂಗಿಬಿಟ್ಟ ರಬ್ಬರಿನ ಪಟ್ಟಿಗೆ ಬಿಸಿ ತಗುಲಿಸಿದರೆ ಅದು ಲೋಹದಂತೆ ಹಿಗ್ಗದೆ ಕುಗ್ಗುತ್ತದೆ, ಇನ್ನಷ್ಟು ಬಿಗಿಯಾಗುತ್ತದೆ ಎಂದು ವಿವರಿಸತೊಡಗಿದೆ. ಅದು ನಿಜವೇ. ಅವರು ಪೂರ್ತಿ ಕೇಳಿಸಿಕೊಂಡು, “ಹೌದಾ?” ಎಂದು, ನೀರಿನಿಂದ ತೆಗೆದ ರಬ್ಬರನ್ನು ನನ್ನ ಅಂಗೈಗೆ ಹಾಕಿದರು. ಬೆಳಿಗ್ಗೆ ಸೆಟೆದುಕೊಂಡಿದ್ದ ದಪ್ಪ ರಬ್ಬರು ದೋಸೆಯಂತೆ ಬಳುಕುತ್ತಿತ್ತು. ತೂಗಿಬಿಟ್ಟ ತೆಳು ಪಟ್ಟಿಯ ಪಾಠ ಬೇರೆ, ಸೆಡೆತುಕೊಂಡ ದಪ್ಪ ರಬ್ಬರಿನದು ಬೇರೆ ಎಂದು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.

ಮೂರನೆಯದಾಗಿ ಜೇಬಿನಿಂದ ಒಂದು ಹತ್ತಿಯ ಹುರಿ ತೆಗೆದರು. ಈ ಊರಿನಲ್ಲಿ ಕಾಟನ್ ಮಿಲ್ಲುಗಳು ಓಡುತ್ತಿದ್ದ ಕಾಲದಲ್ಲಿ ಅವರ ತಂದೆ ಮಿಲ್ಲಿನ ಕೆಲಸಕ್ಕೆ ಹೋಗುತ್ತಿದ್ದರಂತೆ, ಮನೆಯಲ್ಲಿ ಹುರಿಗೆ ಬರವೇ ಇರಲಿಲ್ಲವಂತೆ. ಹುರಿಯನ್ನು ಸೋಪಿನ ನೀರಿನಲ್ಲಿ ಅದ್ದಿ ರಬ್ಬರಿನ ತೋಡಿನೊಳಗೆ ಸುತ್ತಲೂ ಕೂಡಿಸಿ, ಎರಡು ತುದಿಗಳನ್ನು ಒಂದರ ಮೇಲೊಂದು ಹಾಯಿಸಿ ಒಳಗಡೆಗೆ ಬಿಟ್ಟರು. ಹೊರಗಿನಿಂದ ಅಂಗೈಯಲ್ಲಿ ರಬ್ಬರನ್ನು ತೂತಿಗೆ ಒತ್ತಿ ಹಿಡಿದು, ಒಳಗಿನಿಂದ ಹುರಿಯ ಒಂದು ತುದಿಯನ್ನು ಮೆಲ್ಲಗೆ ಎಳೆಯುತ್ತ ಬಂದರು. ಹುರಿ ಈಚೆಗೆ ಬಂದಂತೆಲ್ಲ ರಬ್ಬರಿನ ತುಟಿ ಫೈಬರಿನ ಅಂಚನ್ನು ಬೆರಳಗಲದಷ್ಟೇ ದಾಟಿ ಕೂರುತ್ತ ಹೋಯಿತು. ಒಂದು ಸುತ್ತು ಮುಗಿಯುವ ಹೊತ್ತಿಗೆ ಹುರಿ ಪೂರ್ತಿ ಅವರ ಕೈಯಲ್ಲಿತ್ತು, ರಬ್ಬರು ತನ್ನ ಜಾಗದಲ್ಲಿತ್ತು. ಹುಡುಗನಾಗಿದ್ದಾಗ ಖಾಸಗಿ ಬಸ್ಸುಗಳ ಮುಂದಿನ ಗ್ಲಾಸಿಗೆ ಬೀಡಿಂಗ್, ಅಂದರೆ ಅಂಚಿನ ರಬ್ಬರು, ಕೂಡಿಸುತ್ತಿದ್ದರಂತೆ. “ಇದು ಅದರ ಮರಿ” ಎಂದರು.

ಎಡಗಡೆಯದು ನಾನೇ ಮಾಡುತ್ತೇನೆ ಎಂದು ಕೈ ಚಾಚಿದಾಗ ಅವರು ಹುರಿಯನ್ನು ಕೊಡಲಿಲ್ಲ. ಮತ್ತೆ ಅದೇ ಪ್ರಶ್ನೆ, ಅದೇ ದನಿ: “ಊಟ ಆತೇನ್ರೀ ಮೇಷ್ಟ್ರೇ?”

ಆಗ ಹೊಳೆಯಿತು. ಹರಿದ ರಬ್ಬರನ್ನು ಬಿಸಿಲಿಗೆ ಹಿಡಿದಾಗ ಅವರು ಸೀಳಿನ ಆರಂಭದಲ್ಲಿದ್ದ ಸ್ಕ್ರೂಡ್ರೈವರಿನ ಗೀರನ್ನೂ, ಅದು ಬಿದ್ದ ಮೇಲೂ ಎಳೆದ ಕೈಯನ್ನೂ ನೋಡಿದ್ದರು. ಅದು ಉಪಚಾರದ ಮಾತಾಗಿರಲಿಲ್ಲ, ನಾಡಿ ನೋಡಿದ್ದಾಗಿತ್ತು. ಮೂವತ್ತು ವರ್ಷ ಪಾಠ ಮಾಡಿದ ನಾನು ತಪ್ಪು ಲೆಕ್ಕ ಮಾಡಿದ ಹುಡುಗನಿಗೆ ಎಷ್ಟು ಸಲ ಸೂತ್ರ ಕೇಳಿದ್ದೇನೆ, ಎಷ್ಟು ಸಲ ಊಟ ಕೇಳಿದ್ದೇನೆ ಎಂದು ಅಲ್ಲಿಯೇ ನಿಂತು ಎಣಿಸಲು ನೋಡಿದೆ. ಕಾಲೇಜಿಗೆ ಹಳ್ಳಿಗಳಿಂದ ಬೆಳಿಗ್ಗೆ ಆರರ ಬಸ್ಸು ಹಿಡಿದು ಬರುವ ಹುಡುಗರಿದ್ದಾರೆ. ಮಧ್ಯಾಹ್ನದ ಪ್ರಯೋಗಾಲಯದಲ್ಲಿ ಅವರ ಕೈ ನಡುಗಿ ತೂಕದ ಬಟ್ಟು ಬಿದ್ದರೆ, “ಗಮನ ಎಲ್ಲಿದೆ?” ಎಂದು ಕೇಳುವುದು ನನ್ನ ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ.

ಒಳಗೆ ಹೋಗಿ, ಆರಿದ ರೊಟ್ಟಿಯನ್ನು ಎಣಗಾಯಿಯೊಂದಿಗೆ ತಿಂದೆ. ಮೇಸ್ತ್ರಿಯವರಿಗೂ ಬಡಿಸಲು ಹೋದರೆ, ತಮ್ಮದು ಒಂದು ಗಂಟೆಗೇ ಆಗಿದೆ ಎಂದು ಮಜ್ಜಿಗೆ ಮಾತ್ರ ಕುಡಿದರು. ಹೆಂಡತಿ ಅವರಿಗೆ ಎರಡನೆಯ ಲೋಟ ಕೊಟ್ಟು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಗೆ ಬಂದ ಮೇಲೆ ಹುರಿಯನ್ನು ನನ್ನ ಕೈಗೆ ಕೊಟ್ಟು, ತಾವು ಹೊರಗಿನಿಂದ ಒತ್ತಿ ಹಿಡಿದರು. ನಾನು ಎಳೆದೆ. ಕೊನೆಯ ಎರಡು ಬೆರಳಗಲ ಬಾಕಿ ಇರುವಾಗ ಹುರಿ ಸ್ವಲ್ಪ ಬೇಗ ಬಂತು, ಅವರು ಹುಬ್ಬೇರಿಸಿದರು, ಏನೂ ಅನ್ನಲಿಲ್ಲ. ಫೋರ್ಕಿನ ಕಾಲುಗಳನ್ನು ರಬ್ಬರಿನ ಕೊರಳಿನೊಳಗಿಂದ ಮೇಲಕ್ಕೆ ಏರಿಸಿ ಬಿಗಿದೆವು. ಹ್ಯಾಂಡಲನ್ನು ಎರಡೂ ಕೊನೆಯವರೆಗೆ ತಿರುಗಿಸಿ, ಮಡಿಕೆ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರು ಹೊರಟದ್ದು. ಹುರಿಯನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡರು.

ಗುರುವಾರ ಸಂಜೆ ಒಳ್ಳೆಯ ಮಳೆ ಬಂದಾಗ ಬೇಕೆಂದೇ ಗಾಡಿ ತೆಗೆದು ಆನಗೋಡಿನವರೆಗೆ ಹೋಗಿ ಬಂದೆ. ದೀಪ ಆರಲಿಲ್ಲ. ಬಲಗಡೆಯ ಒಳಭಾಗವನ್ನು ಬೆರಳಿನಿಂದ ಸವರಿ ನೋಡಿದರೆ ಪೂರ್ತಿ ಒಣಗಿತ್ತು. ಎಡಗಡೆಯಲ್ಲಿ ಮಾತ್ರ, ಹುರಿ ಬೇಗ ಬಂದ ಆ ಜಾಗದಲ್ಲಿಯೇ, ಒಂದೊಂದು ಹನಿ ಒಳಕ್ಕೆ ಬರುತ್ತದೆ.